ಚೌಕಟ್ಟಿನ ಹೊರಗೆ ನಡೆಯುವ ಕೊಲೆ: ಸಣ್ಣ ಬಂಡವಾಳದ ಭಯಾನಕ ಚಿತ್ರ ಮಾಡಿದ ನನ್ನ ಅನುಭವ

ಸರಣಿ ಕೊಲೆಗಾರನ ಕುರಿತು ಕಡಿಮೆ ಹಣದಲ್ಲಿ ಚಿತ್ರ ಮಾಡಹೊರಟವರು, ಕೊಲೆಯನ್ನು ಎಷ್ಟು ತೋರಿಸಬೇಕೆಂಬುದನ್ನು ಚಿತ್ರಕಥೆ ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ದಾವಣಗೆರೆಯಲ್ಲಿ ಗೆಳೆಯರೊಡನೆ ನಾನು ಮಾಡಿದ ಕಿರುಚಿತ್ರದಲ್ಲಿ ಒಂದು ಕೊಲೆಯೂ ತೆರೆಯ ಮೇಲೆ ನಡೆಯುವುದಿಲ್ಲ. ಆದರೂ ನೋಡುಗರಲ್ಲಿ ಕೆಲವರು ಕೊನೆಯವರೆಗೆ ಕೂರಲಾರದೆ ಎದ್ದುಹೋದರು.

ಈ ದಾರಿಯನ್ನು ನಾನು ಕಂಡುಕೊಂಡದ್ದು ಜಾನ್ ಮೆಕ್‌ನಾಟನ್ ಅವರ ‘ಹೆನ್ರಿ: ಪೋರ್ಟ್ರೇಟ್ ಆಫ್ ಎ ಸೀರಿಯಲ್ ಕಿಲ್ಲರ್’ ಚಿತ್ರದಿಂದ. ಷಿಕಾಗೋದಲ್ಲಿ 16 ಎಂ.ಎಂ. ಫಿಲ್ಮಿನಲ್ಲಿ, ಸುಮಾರು 1,10,000 ಡಾಲರ್ ವೆಚ್ಚದಲ್ಲಿ ತಯಾರಾದ ಅದು 1986ರಲ್ಲಿ ಮೊದಲ ಪ್ರದರ್ಶನ ಕಂಡರೂ ಚಿತ್ರಮಂದಿರಗಳಿಗೆ ಬರಲು 1990ರವರೆಗೆ ಕಾಯಬೇಕಾಯಿತು. ಅದರ ಆರಂಭದಲ್ಲಿ ಹೆಣಗಳು ನಿಶ್ಚಲವಾಗಿ ಬಿದ್ದಿವೆ, ಕೊಲೆ ಆಗಲೇ ಮುಗಿದಿದೆ, ಅದು ನಡೆದಾಗಿನ ಸದ್ದು ಮಾತ್ರ ಆ ದೃಶ್ಯಗಳ ಮೇಲೆ ಹರಿಯುತ್ತದೆ. ಕಂಡದ್ದನ್ನೂ ಕೇಳಿದ್ದನ್ನೂ ಜೋಡಿಸುವ ಕೆಲಸ ಪ್ರೇಕ್ಷಕನ ಪಾಲಿಗೆ ಬರುತ್ತದೆ, ಮತ್ತು ಆ ಕೆಲಸವನ್ನು ಅವನ ಮನಸ್ಸು ಯಾವ ಪ್ರಸಾಧನ ಕಲಾವಿದನಿಗಿಂತಲೂ ಕ್ರೂರವಾಗಿ ಮಾಡುತ್ತದೆ. ಆ ಚಿತ್ರಕ್ಕೆ ಪ್ರೇರಣೆಯಾದ ಅಮೆರಿಕದ ಕೊಲೆಗಾರ ಹೆನ್ರಿ ಲೀ ಲ್ಯೂಕಸ್‌ನ ತಪ್ಪೊಪ್ಪಿಗೆಗಳಲ್ಲಿ ಹೆಚ್ಚಿನವು ಸುಳ್ಳೆಂಬುದು ಆಮೇಲೆ ಬಯಲಾಯಿತು. ನಮ್ಮ ಸೀಮೆಯಲ್ಲಿ ನಡೆದ ಯಾವ ನಿಜ ಪ್ರಕರಣವನ್ನೂ ಮುಟ್ಟಬಾರದೆಂದು ನಾನು ನಿಶ್ಚಯಿಸಿದ್ದಕ್ಕೆ ಇದು ಒಂದು ಕಾರಣ. ಸತ್ತವರ ಮನೆಯವರು ಇಲ್ಲಿಯೇ ಬದುಕುತ್ತಿದ್ದಾರೆಂಬುದು ಅದಕ್ಕಿಂತ ದೊಡ್ಡ ಕಾರಣ.

ನಮ್ಮ ಕಥೆಯ ಕೊಲೆಗಾರ ಮಂಡಕ್ಕಿ ಭಟ್ಟಿಯೊಂದರಲ್ಲಿ ಚೀಲ ಹೊಲಿಯುವವನು. ಭಟ್ಟಿಯ ಮಾಲೀಕರಿಗೂ ಕೆಲಸದವರಿಗೂ ಕಥೆಯನ್ನು ಪೂರ್ತಿ ಹೇಳಿ, ಅವರು ಒಪ್ಪಿದ ಮೇಲೆಯೇ ಅಲ್ಲಿಗೆ ಕ್ಯಾಮೆರಾ ಒಯ್ದೆವು. ಕಾದ ಮರಳಿಗೆ ಬಿದ್ದ ಅಕ್ಕಿ ಅರಳುವ ಚಟಪಟ, ಜರಡಿಯ ಅಲುಗಾಟ, ದಬ್ಬಳ ಗೋಣಿಯನ್ನು ತೂರಿದ ಬಳಿಕ ದಾರ ಎಳೆದುಕೊಳ್ಳುವ ಒರಟು ಸದ್ದು, ಇವುಗಳನ್ನು ಚಿತ್ರೀಕರಣಕ್ಕಿಂತ ಮೊದಲೇ, ಸುತ್ತಲಿನ ಯಂತ್ರಗಳು ನಿಂತಿರುವ ಹೊತ್ತಿನಲ್ಲಿ, ಮೈಕನ್ನು ಗೇಣಿನಷ್ಟು ಹತ್ತಿರ ಹಿಡಿದು ಧ್ವನಿಮುದ್ರಿಸಿಕೊಂಡೆ. ದಾರದ ಸದ್ದು ಮೊದಲ ಸಲ ಹಗಲಿನಲ್ಲಿ, ಮಂಡಕ್ಕಿ ತುಂಬಿದ ಚೀಲದ ಬಾಯಿ ಹೊಲಿಯುವಾಗ ಕೇಳುತ್ತದೆ. ಎರಡನೆಯ ಸಲ ಅವನು ಹರಟುತ್ತಾ ಹೊಲಿಯುತ್ತಾನೆ, ಯಾರೂ ಅದನ್ನು ಗಮನಿಸುವುದಿಲ್ಲ. ಮೂರನೆಯ ಸಲ ಮುಚ್ಚಿದ ಬಾಗಿಲ ಆಚೆಯಿಂದ, ಅದೇ ಲಯದಲ್ಲಿ, ಅವಸರವಿಲ್ಲದೆ ಬರುತ್ತದೆ. ತೆರೆಯ ಮೇಲಿರುವುದು ಬಾಗಿಲು ಮಾತ್ರ. ಅಲ್ಲಿ ಹಿನ್ನೆಲೆ ಸಂಗೀತ ಬೇಕೆಂದು ಸಂಕಲನಕಾರ ಗೆಳೆಯ ಹಟ ಹಿಡಿದಿದ್ದ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸಂಗೀತ ಬಂದ ಕೂಡಲೇ ಇದು ಸಿನಿಮಾ ಎಂಬ ಧೈರ್ಯ ನೋಡುಗನಿಗೆ ಬಂದುಬಿಡುತ್ತದೆ.

ಬೆಳಕಿಗೆ ಭಟ್ಟಿಯ ಉರಿ ಮತ್ತು ಟ್ಯೂಬ್‌ಲೈಟುಗಳನ್ನೇ ನೆಚ್ಚಿಕೊಂಡೆವು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಶಟರ್ ವೇಗವನ್ನು, ಅಂದರೆ ಪ್ರತಿ ಚೌಕಟ್ಟಿಗೂ ಬೆಳಕು ಬೀಳುವ ಅವಧಿಯನ್ನು, 1/50 ಸೆಕೆಂಡಿಗೆ ಇಟ್ಟುಕೊಂಡರೆ ಚಿತ್ರ ಮಿನುಗುವುದಿಲ್ಲ.

ಕೊಲೆಗಾರನ ಪಾತ್ರ ವಹಿಸಿದವರು ಕಂಪನಿ ನಾಟಕಗಳಲ್ಲಿ ಪಳಗಿದ ಹಿರಿಯರು. ದನಿ ತಗ್ಗಿಸಿ ಮಾತನಾಡಿರೆಂದು ಕೇಳಿಕೊಂಡಾಗ, “ಹಿಂಗ್ ಮಾತಾಡಿದ್ರೆ ಹಿಂದ್ ಕುಂತೋರಿಗೆ ಕೇಳ್ಸಲ್ಲಪ್ಪ ತಮ್ಮಾ” ಎಂದರು. “ಮೈಕು ನಿಮ್ಮ ಎದಿ ಮೇಲೇ ಐತಿ ಅಣ್ಣಾ, ಪಕ್ಕದಾಗ್ ಕುಂತೋರಿಗೆ ಹೇಳ್ದಂಗ್ ಹೇಳ್ರಿ ಸಾಕು” ಎಂದು ವಿನಂತಿಸಿದೆ. ಅಬ್ಬರವನ್ನೆಲ್ಲ ಒಳಗೆ ಅದುಮಿಟ್ಟುಕೊಂಡು ಅವರು ಆಡಿದ ಮಾತುಗಳಲ್ಲಿ ಒಂದು ಬಗೆಯ ಸೌಜನ್ಯ ಮೂಡಿತು. ಅಷ್ಟು ಸೌಜನ್ಯದ ಮನುಷ್ಯನನ್ನು ಯಾರಾದರೂ ಮನೆಯೊಳಗೆ ಕರೆದು ಚಹಾ ಕೊಡುತ್ತಾರೆ. ಕಥೆಗೆ ಬೇಕಾಗಿದ್ದ ಭಯ ಅಲ್ಲಿತ್ತು.

ರಕ್ತ ಒಂದೇ ಕಡೆ, ಗೋಣಿಯ ಮೇಲಿನ ಕಲೆಯಾಗಿ ಕಾಣುತ್ತದೆ. ಜೋನಿ ಬೆಲ್ಲಕ್ಕೆ ಅಡುಗೆಯ ಕೆಂಪು ಬಣ್ಣವನ್ನೂ ಚಿಟಿಕೆ ಕಾಫಿಪುಡಿಯನ್ನೂ ಬೆರೆಸಿದರೆ ಒಣಗಿದ ರಕ್ತದ ಕಂದು ಬರುತ್ತದೆ, ಆದರೆ ಇರುವೆಗಳು ಮುತ್ತುವ ಮೊದಲು ಚಿತ್ರೀಕರಣ ಮುಗಿಸಬೇಕು. ರಾತ್ರಿಯ ಚಿತ್ರೀಕರಣದ ವಿಷಯವನ್ನು ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಿದ್ದೆವು. ಕೊಲೆಯಾಗುವ ಹೆಂಗಸಿನ ಪಾತ್ರ ಮಾಡಿದ ಅಕ್ಕನವರು ಕೈ ಎತ್ತಿದ ತಕ್ಷಣ ಎಲ್ಲವೂ ನಿಲ್ಲಬೇಕೆಂಬ ಕಟ್ಟುಪಾಡನ್ನು ಮೊದಲೇ ಮಾಡಿಕೊಂಡಿದ್ದೆವು. ಉಸಿರು ಕಟ್ಟುವ ದೃಶ್ಯಗಳಲ್ಲಿ ನಟಿಯ ನಿಜವಾದ ಗಾಬರಿಯನ್ನು ಕದ್ದು ಸೆರೆಹಿಡಿಯುವುದನ್ನು ನಾನು ನಿರ್ದೇಶನವೆಂದು ಕರೆಯಲಾರೆ.

ಕೊಲೆಗಾರನ ಬಾಲ್ಯವನ್ನು ವಿವರಿಸುವ ಒಂದು ದೃಶ್ಯ ಮೊದಲ ಕರಡಿನಲ್ಲಿತ್ತು. ಅದನ್ನು ತೆಗೆದು, ಆ ಹೊತ್ತನ್ನು ಕೊಲೆಯಾಗುವ ಆ ಹೆಂಗಸಿಗೆ, ಮಿರ್ಚಿ-ಮಂಡಕ್ಕಿ ಅಂಗಡಿಯವಳಿಗೆ, ಕೊಟ್ಟೆ: ಆಕೆ ಉದ್ರಿ ಪುಸ್ತಕ ತೆರೆದು, ಯಾರಿಂದ ಎಷ್ಟು ಬಂದರೆ ಮಗಳ ಕಾಲೇಜು ಶುಲ್ಕ ಕಟ್ಟಬಹುದೆಂದು ಲೆಕ್ಕ ಹಾಕುತ್ತಾಳೆ, ಮಗಳು ಆ ಲೆಕ್ಕವನ್ನು ತಿದ್ದುತ್ತಾಳೆ. ಪ್ರದರ್ಶನ ಮುಗಿದ ಮೇಲೆ, ಅವನು ಏಕೆ ಕೊಂದನೆಂದು ಕೇಳಿದವರಿಗಿಂತ ಆ ಹುಡುಗಿ ಮುಂದೇನು ಮಾಡಿದಳೆಂದು ಕೇಳಿದವರೇ ಹೆಚ್ಚಿದ್ದರು. ಈಗ ಬರೆಯುತ್ತಿರುವ ಚಿತ್ರಕಥೆಯನ್ನು ಅವಳಿಂದಲೇ ಆರಂಭಿಸಿದ್ದೇನೆ.