ಮೇಲಿನ ಸಾಲಿನಲ್ಲೇ ಇತ್ತು ಉತ್ತರ

ಮೊನ್ನೆ ಉಡುಪಿಯಲ್ಲಿ ಜೋರು ಮಳೆ. ಅಂಗಡಿ ಲೆಕ್ಕದ ಪೈಥಾನ್ ಪ್ರೋಗ್ರಾಮಿಗೆ, ಅದನ್ನು ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಜೋಡಿಸುವ ಪ್ಯಾಕೇಜು ಮೈಎಸ್‌ಕ್ಯೂಎಲ್‌ಕ್ಲೈಂಟ್ ಬೇಕಿತ್ತು. ವೆನ್ವ್, ಅಂದರೆ ಈ ಪ್ರೋಗ್ರಾಮಿನ ಪ್ಯಾಕೇಜುಗಳಿಗೆಂದೇ ಬೇರೆ ಜಾಗ, ಮೊದಲೇ ಮಾಡಿದ್ದೆ. ಇಲ್ಲದಿದ್ದರೆ ನನ್ನ ಕಂಪ್ಯೂಟರಿನ ಲಿನಕ್ಸ್, ಉಬುಂಟು 24.04, ಪೈಥಾನ್ ಪ್ಯಾಕೇಜು ಹಾಕುವ ಪಿಪ್ಪನ್ನು ಬಾಗಿಲಲ್ಲೇ ತಡೆಯುತ್ತದೆ. ಆದರೂ ಪಿಪ್‌ನಿಂದ ಹಾಕಲು ಹೋದರೆ ಪರದೆ ತುಂಬ ಎರರ್. ಕೊನೆಯ ಸಾಲು ಮಾತ್ರ ನೋಡಿ ಸುಮ್ನೆ ಪಿಪ್ಪನ್ನೇ ಎರಡು ಸಲ ಅಪ್‌ಡೇಟ್ ಮಾಡಿದೆ. ನಡುವೆ ಕರೆಂಟೂ ಹೋಯಿತು, ಮಳೆಗಾಲ ಅಲ್ವಾ.

ಚಾ ಕುಡಿದು ಬಂದು ಮೇಲಿನಿಂದ ಓದಿದೆ. ‘ಪಿಕೆಜಿ-ಕಾನ್ಫಿಗ್: ನಾಟ್ ಫೌಂಡ್’. ಲೈಬ್ರರಿಗಳು ಎಲ್ಲಿವೆ ಎಂದು ಹುಡುಕಿಕೊಡುವ ಆ ಸಾಧನವೇ ಇರಲಿಲ್ಲ, ಅಷ್ಟೇ! ಈ ಪ್ಯಾಕೇಜಿಗೆ ಲಿನಕ್ಸಿನಲ್ಲಿ ಸಿದ್ಧ ವ್ಹೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಕಡತ) ಇಲ್ಲ. ಅದರ ಸಿ ಕೋಡನ್ನು ನಮ್ಮ ಕಂಪ್ಯೂಟರೇ ಕಂಪೈಲ್ ಮಾಡಬೇಕು, ಅಂದರೆ ಯಂತ್ರದ ಭಾಷೆಗೆ ತಿರುಗಿಸಬೇಕು. ಅದಕ್ಕೆ ಲೈಬ್ರರಿಯಲ್ಲಿ ಏನೇನಿದೆ ಎಂದು ಹೇಳುವ ಹೆಡರ್ ಫೈಲುಗಳೂ ಬೇಕು.

ಉಬುಂಟುವಿನದೇ ಪ್ಯಾಕೇಜು ಹಾಕುವ ಸಾಧನ ಆಪ್ಟ್‌ನಿಂದ ಪಿಕೆಜಿ-ಕಾನ್ಫಿಗ್, ಬಿಲ್ಡ್-ಎಸೆನ್ಶಿಯಲ್, ಪೈಥಾನ್3-ಡೆವ್, ಡೀಫಾಲ್ಟ್-ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್-ಡೆವ್ ನಾಲ್ಕೂ ಹಾಕಿದೆ. ಮತ್ತೆ ಪಿಪ್ ಇನ್‌ಸ್ಟಾಲ್ ಕೊಟ್ಟೆ. ಮಳೆ ನಿಲ್ಲುವ ಮೊದಲೇ ಬಿಲ್ಡ್ ಮುಗಿಯಿತು.