ಕೆಲಸದ ಮೇಜಿನ ಮೈ ಕಾಯುವುದು ಹೇಗೆ?

ಮರಗೆಲಸದ ಮೇಜನ್ನು ಕಾಪಾಡಬೇಕೆಂದು ಹೊರಟವರಿಗೆ ಮೊದಲು ಹೊಳೆಯುವುದು ಅದಕ್ಕೆ ಗಟ್ಟಿಯಾದ, ಮಿರುಗುವ ಲೇಪನವೊಂದನ್ನು ಕೊಡುವ ಉಪಾಯ. ಊಟದ ಮೇಜಿಗೆ ಅದು ಸರಿ. ಕೆಲಸದ ಮೇಜಿಗೆ ಸಲ್ಲದು. ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆದ ಅಥವಾ ಸನ್‌ಮೈಕಾ ಅಂಟಿಸಿದ ಮೇಜಿನ ಮೇಲೆ ಕೀಸುಳಿ ತಳ್ಳಿದರೆ ಹಲಗೆ ಜಾರುತ್ತದೆ, ಸುತ್ತಿಗೆಯ ಏಟು ಬಿದ್ದಲ್ಲಿ ಚಕ್ಕೆ ಏಳುತ್ತದೆ, ಚಕ್ಕೆ ಎದ್ದ ಜಾಗವನ್ನಷ್ಟೇ ಸರಿಪಡಿಸಲಾಗದೆ ಇಡೀ ಮೈಯನ್ನೇ ಕೆರೆದು ಮತ್ತೆ ಬಳಿಯಬೇಕಾಗುತ್ತದೆ. ಏಟಿಗೆ ಎದುರು ನಿಲ್ಲುವ ಮೈಗಿಂತ, ಏಟು ತಿಂದ ಮೇಲೆ ಸುಲಭವಾಗಿ ತಿದ್ದಬಹುದಾದ ಅಥವಾ ತೆಗೆದು ಬದಲಾಯಿಸಬಹುದಾದ ಮೈಯೇ ಇಲ್ಲಿ ಲೇಸು. ಅದಕ್ಕೆ ಬೇಕಾದದ್ದು ಮರದೊಳಗೆ ಇಳಿಯುವ ಎಣ್ಣೆ ಮತ್ತು ಅದರ ಮೇಲೆ ಹಾಸುವ, ಮರದ ನಾರನ್ನು ಒತ್ತಿ ಮಾಡಿದ ಒಂದು ತೆಳು ಹಾರ್ಡ್‌ಬೋರ್ಡ್.

ಕೆಲಸಕ್ಕೆ ಕೈ ಹಚ್ಚುವ ಮೊದಲು ಕಾಲವನ್ನು ನೋಡಬೇಕು. ಮುಂಬಯಿ ಸುತ್ತಲಿನ ವಸಯಿ, ಭಿವಂಡಿ, ಡೊಂಬಿವಲಿಯ ಗಾಳಾಗಳಲ್ಲಿ (ಸಾಲು ಕಾರ್ಖಾನೆ ಮಳಿಗೆಗಳಲ್ಲಿ) ಮರಗೆಲಸ ನಡೆಸುವ ನಮ್ಮವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಬಯಿ ಮಳೆಯ ಬಗ್ಗೆ ಹೇಳಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಗಾಳಿಯ ತೇವಾಂಶ ಸರಾಸರಿ ಶೇ 80ನ್ನು ದಾಟುತ್ತದೆ. ಆ ತೇವವನ್ನು ಹೀರಿದ ಮರ ಉದ್ದಕ್ಕೆ ಅಷ್ಟಾಗಿ ಅಲ್ಲದಿದ್ದರೂ ಅಡ್ಡಕ್ಕೆ ಹಿಗ್ಗುತ್ತದೆ. ಆಗ ಎಣ್ಣೆ ಬಳಿದರೆ ಒಣಗದೆ ಅಂಟಂಟಾಗಿ ಉಳಿಯುವುದರಿಂದ, ದೀಪಾವಳಿ ಕಳೆದ ಮೇಲಿನ ಒಣ ತಿಂಗಳುಗಳೇ ಇದಕ್ಕೆ ತಕ್ಕವು.

ಮೊದಲ ಕೆಲಸ ಮೇಜನ್ನು ಬರಿದು ಮಾಡಿ ಅದರ ಮೈಯನ್ನು ಅಂಗೈಯಿಂದ ಸವರಿ ನೋಡುವುದು. ಕಣ್ಣಿಗೆ ಕಾಣದ ಗಂಟುಗಳು ಕೈಗೆ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಒಣಗಿದ ಫೆವಿಕಾಲ್‌ನ ಹನಿಗಳು. ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಹನಿ ಗಟ್ಟಿಯಾಗಿ ನಿಂತಿದ್ದರೆ ಸಾಕು, ಅದರ ಮೇಲೆ ಮಗುಚಿ ಎಳೆದ ಸನ್‌ಮೈಕಾ ಶಟರಿಗೆ (ಕಪಾಟಿನ ಬಾಗಿಲಿಗೆ) ಇಷ್ಟುದ್ದದ ಗೀರು ಬೀಳುತ್ತದೆ, ಗಿರಾಕಿಯ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಹನಿಯ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟರೆ ಅಂಟು ಬೆಳ್ಳಗಾಗಿ ಮೆತ್ತಗಾಗುತ್ತದೆ. ಆಮೇಲೆ ಹಳೆಯ ಕೀಸುಳಿಯ ಅಲಗಿನಿಂದ ಕೆರೆದು ತೆಗೆಯಬಹುದು. ಉದ್ದನೆಯ ನೇರ ಪಟ್ಟಿಯೊಂದನ್ನು ಮೂಲೆಯಿಂದ ಮೂಲೆಗೆ ನಿಲ್ಲಿಸಿ, ಅಡಿಯಿಂದ ಬೆಳಕು ತೂರುತ್ತದೆಯೇ ಎಂದು ನೋಡಿದರೆ ಉಬ್ಬುತಗ್ಗುಗಳು ತಿಳಿಯುತ್ತವೆ. ಗಟ್ಟಿ ಮರದ ಮೇಜಾದರೆ ಉಬ್ಬನ್ನು ಕೀಸಬಹುದು. ಪ್ಲೈವುಡ್ಡಿನ ಮೇಲ್ಪದರ ತೀರ ತೆಳುವಾದ್ದರಿಂದ ಅದನ್ನು ಕೀಸಬಾರದು, 120ರ ಪಾಲಿಶ್ ಪೇಪರಿನಿಂದ ಹಗುರವಾಗಿ ತಿಕ್ಕಿದರೆ ಸಾಕು.

ಇನ್ನು ಎಣ್ಣೆ. ಬಣ್ಣದ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಎಂದು ಕೇಳಿದರೆ ಕೊಡುತ್ತಾರೆ. ಇದೂ ಅಗಸೆ ಎಣ್ಣೆಯೇ, ಆದರೆ ಬೇಗ ಒಣಗಲೆಂದು ಇದಕ್ಕೆ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಗಾಣದ ಹಸಿ ಅಗಸೆ ಎಣ್ಣೆಯನ್ನು ಬಳಿದರೆ ಒಣಗಲು ವಾರಗಳೇ ಹಿಡಿಯಬಹುದು. ಮೊದಲ ಕೈಗೆ ಎಣ್ಣೆಯಷ್ಟೇ ಟರ್ಪೆಂಟೈನ್ ಬೆರೆಸಿ ತೆಳುವಾಗಿಸಿಕೊಂಡು, ಬಟ್ಟೆಯಿಂದ ಧಾರಾಳವಾಗಿ ಹಚ್ಚಿ, ಕಾಲು ಗಂಟೆ ಕಳೆದ ಮೇಲೆ ಮರ ಕುಡಿಯದೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಒರೆಸುವುದರಲ್ಲಿ ಉದಾಸೀನ ಮಾಡಿದರೆ ಮೇಲೆ ಉಳಿದ ಎಣ್ಣೆ ಜಿಗುಟಾಗಿ, ಬಿದ್ದ ಹೊಟ್ಟನ್ನೆಲ್ಲ ಹಿಡಿದುಕೊಳ್ಳುತ್ತದೆ. ಒಂದೊಂದು ದಿನ ಬಿಟ್ಟು ಇನ್ನೆರಡು ಕೈ ಕೊಡಬೇಕು. ಮೇಜಿನ ಅಡಿಭಾಗವನ್ನೂ ಅಂಚುಗಳನ್ನೂ ಮರೆಯಬಾರದು: ಎಣ್ಣೆ ತೇವವನ್ನು ಪೂರ್ತಿ ತಡೆಯಲಾರದು, ನಿಧಾನಿಸುತ್ತದೆ ಅಷ್ಟೇ, ಆ ನಿಧಾನ ಮೇಲೂ ಕೆಳಗೂ ಒಂದೇ ಸಮವಾಗಿ ಇರದಿದ್ದರೆ ಹಲಗೆ ಸೊಟ್ಟಗಾಗುತ್ತದೆ.

ಒರೆಸಿದ ಬಟ್ಟೆಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಅಗಸೆ ಎಣ್ಣೆ ಒಣಗುವುದೆಂದರೆ ಆವಿಯಾಗುವುದಲ್ಲ, ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುವುದು. ಹಾಗೆ ಕೂಡುವಾಗ ಶಾಖ ಹುಟ್ಟುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದ ಬಟ್ಟೆಯಲ್ಲಿ ಆ ಶಾಖ ಹೊರಹೋಗಲು ದಾರಿಯಿಲ್ಲದೆ ಏರುತ್ತ ಹೋಗಿ, ಯಾರೂ ಕಡ್ಡಿ ಗೀರದಿದ್ದರೂ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಥಿನ್ನರ್ ಡಬ್ಬಿ, ಮರದ ಹೊಟ್ಟು, ಪಕ್ಕದ ಗಾಳಾದ ಗೋಡೆ ಎಲ್ಲವೂ ಕೈಯಳತೆಯಲ್ಲಿರುವ ಜಾಗದಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಬಿಡಿಸಿ ಹರವಿ ಪೂರ್ತಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಬೇಕು.

ಎಣ್ಣೆ ಒಣಗಿದ ಮೇಲೆ ಅದರ ಮೇಲೆ ಹಾಸುವ ಹಾಳೆಯ ಸರದಿ. 8 ಅಡಿ ಉದ್ದ, 4 ಅಡಿ ಅಗಲದ ಹಾರ್ಡ್‌ಬೋರ್ಡ್ ಹಾಳೆಯೊಂದನ್ನು ತಂದರೆ 4 ಅಡಿಗೆ 2 ಅಡಿಯ ಮೇಜಿಗೆ ನಾಲ್ಕು ತುಂಡುಗಳು ಸಿಗುತ್ತವೆ. ಒಂದನ್ನು ಹಾಸಿ, ಮಿಕ್ಕವನ್ನು ಒಣ ಜಾಗದಲ್ಲಿ ಚಪ್ಪಟೆಯಾಗಿ ಮಲಗಿಸಿಡಬೇಕು. ದಪ್ಪ 3 ಮಿ.ಮೀ. ಇದ್ದರೆ ಸಾಕು. ಇದನ್ನು ಅಂಟಿಸುವುದು ತಪ್ಪು, ಏಕೆಂದರೆ ಅಂಟಿಸಿದ್ದನ್ನು ಕಿತ್ತರೆ ಕೆಳಗಿನ ಮರವೂ ಎದ್ದು ಬರುತ್ತದೆ. ಮೇಲಿನಿಂದ ಸ್ಕ್ರೂ ಹೊಡೆಯುವುದೂ ಬೇಡ: ಉಳಿಯ ಬಾಯಿ ಸ್ಕ್ರೂ ತಲೆಗೆ ತಗುಲಿದರೆ ಅರ್ಧ ಗಂಟೆ ಸಾಣೆ ಹಿಡಿಯಬೇಕಾದೀತು. ಮೇಜಿನ ಅಂಚುಗಳಿಗೆ ತೆಳು ಮರಪಟ್ಟಿಗಳನ್ನು ಪಕ್ಕದಿಂದ ಸ್ಕ್ರೂ ಮಾಡಿ, ಅವು ಹಾರ್ಡ್‌ಬೋರ್ಡಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ತಗ್ಗಿ ನಿಲ್ಲುವಂತೆ ನೋಡಿಕೊಂಡರೆ, ಹಾಳೆ ಆ ಚೌಕಟ್ಟಿನೊಳಗೆ ಅಲುಗದೆ ಕೂರುತ್ತದೆ. ಸುತ್ತಲೂ ಒಂದೆರಡು ಮಿ.ಮೀ. ಜಾಗ ಬಿಟ್ಟು ಕತ್ತರಿಸಿದರೆ ಮಳೆಗಾಲದಲ್ಲಿ ಅದು ಹಿಗ್ಗಿ ನಡುವೆ ಉಬ್ಬುವುದಿಲ್ಲ. ಇದಕ್ಕೂ ಒಂದು ಕೈ ಎಣ್ಣೆ ಕೊಡುವುದು ಒಳ್ಳೆಯದು.

ಅಂಟಿಸುವ ಕೆಲಸವಿದ್ದ ದಿನ ಹಳೆಯ ಪತ್ರಿಕೆ ಹಾಸುವ ರೂಢಿ ಎಲ್ಲೆಡೆ ಇದೆ, ಆದರೆ ಫೆವಿಕಾಲ್ ಕಾಗದಕ್ಕೂ ಅಷ್ಟೇ ಗಟ್ಟಿಯಾಗಿ ಹಿಡಿಯುವುದರಿಂದ ಕೊನೆಗೆ ಅಂಟಿಸಿದ ಚೌಕಟ್ಟಿನ ಅಡಿಯಲ್ಲಿ ಅಕ್ಷರಗಳ ಸಮೇತ ಕಾಗದ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸುವುದು ಅಥವಾ ಅಂಟು ತೊಟ್ಟಿಕ್ಕುವ ಕಡೆ ಅಗಲದ ಪ್ಯಾಕಿಂಗ್ ಟೇಪು ಹಚ್ಚುವುದು ಮೇಲು. ಒಣಗಿದ ಹನಿ ಅದರಿಂದ ಉಗುರಿಗೇ ಕಿತ್ತು ಬರುತ್ತದೆ. ಮೇಣ ತಿಕ್ಕಿದರೂ ಅಂಟು ಹಿಡಿಯುವುದಿಲ್ಲ ನಿಜ, ಆದರೆ ಮೇಣ ತಗುಲಿದ ತುಂಡಿಗೆ ಮುಂದೆ ಪಾಲಿಶೂ ಹಿಡಿಯುವುದಿಲ್ಲ.

ಕಬ್ಬಿಣದ ಕೆಲಸವನ್ನು ಸಾಧ್ಯವಾದಷ್ಟು ಬೇರೆ ಮೇಜಿಗೆ ಕಳಿಸಬೇಕು. ಅರ ಉಜ್ಜಿದ ಪುಡಿ ಹಾರ್ಡ್‌ಬೋರ್ಡಿನಲ್ಲಿ ನಾಟಿಕೊಂಡು ಮುಂದಿನ ಶಟರನ್ನು ಗೀರುತ್ತದೆ. ಒದ್ದೆ ಕಬ್ಬಿಣವನ್ನು ತೇಗದ ಮೇಲೆ ರಾತ್ರಿಯಿಡೀ ಬಿಟ್ಟರೆ ಮರದ ಒಗರಿನೊಂದಿಗೆ ಸೇರಿ ಕಪ್ಪು ಕಲೆ ಕೂರುತ್ತದೆ. ಬೇರೆ ಮೇಜಿಗೆ ಜಾಗವಿಲ್ಲದವರು ತುಂಡನ್ನು ಬಿಗಿ ಹಿಡಿಯುವ ವೈಸ್ ಇರುವ ತುದಿಗೆ ಜಿಂಕ್ (ಸತು) ತಗಡೊಂದನ್ನು ಬಾಗಿಸಿ ಕೂರಿಸಬಹುದು. ಆ ತಗಡಿನ ಮೇಲೆ ವೆಲ್ಡಿಂಗ್ ಮಾತ್ರ ಕೂಡದು. ಕಾದ ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ.

ಗೀರು, ತೂತು ಹೆಚ್ಚಾಗಿ ಹಾಳೆ ಮೆತ್ತಗಾದಾಗ ಎತ್ತಿ ತೆಗೆದು ಮುಂದಿನ ತುಂಡನ್ನು ಕೂರಿಸಬೇಕು. ಹಾಗೆ ತೆಗೆದಾಗಲೆಲ್ಲ ಕೆಳಗೆ ಸೇರಿದ ಹೊಟ್ಟನ್ನು ಗುಡಿಸಿ, ಬೂಷ್ಟು ಹಿಡಿದಿದೆಯೇ ನೋಡಿ, ಮರಕ್ಕೆ ಇನ್ನೊಂದು ತೆಳು ಕೈ ಎಣ್ಣೆ ಕೊಡಬೇಕು. ಹಳೆಯ ತುಂಡನ್ನು ಕತ್ತರಿಸಿಟ್ಟುಕೊಂಡರೆ ಡ್ರಿಲ್ ಮಾಡುವಾಗ ಅಡಿಗೆ ಕೊಡಲು ಬರುತ್ತದೆ.