ಜೆನೆರಿಕ್‌ಗೆ ಮಿತಿ ಹಾಕುವುದು ಹೇಗೆ? ಫೈನಲ್ ಕ್ಲಾಸ್ ಎದುರಾದರೆ ಏನು ಮಾಡಬೇಕು?

ಎರಡು ಮೌಲ್ಯಗಳಲ್ಲಿ ದೊಡ್ಡದನ್ನು ಮರಳಿಸುವ ಮೆಥಡ್ ಒಂದನ್ನು ಜಾವಾದಲ್ಲಿ ಬರೆಯೋಣ. ಇಂಟಿಜರ್ ಕೊಟ್ಟರೆ ಇಂಟಿಜರ್, ಬಿಗ್‌ಡೆಸಿಮಲ್ ಕೊಟ್ಟರೆ ಬಿಗ್‌ಡೆಸಿಮಲ್ ವಾಪಸ್ ಬರಬೇಕು. ಟೈಪ್ ಯಾವುದೆಂದು ಮೊದಲೇ ಗೊತ್ತುಮಾಡದೆ ಕೋಡ್ ಬರೆಯಲು ಬಿಡುವ, 2004ರಲ್ಲಿ ಜಾವಾ 5ರೊಂದಿಗೆ ಬಂದ ಜೆನೆರಿಕ್ಸ್ ಇರುವುದೇ ಇಂಥ ಕೆಲಸಕ್ಕೆ.

ಮೊದಲು ಬರೀ ‘ಟಿ’ ಎಂಬ ಟೈಪ್ ಪ್ಯಾರಾಮೀಟರ್ (ಬಳಸುವಾಗ ನಿಜವಾದ ಟೈಪ್ ಬಂದು ಕೂರುವ ಜಾಗ) ಕೊಟ್ಟು, ಒಳಗೆ ಹೋಲಿಸುವ ಮೆಥಡ್ ಆದ ‘ಕಂಪೇರ್‌ಟು’ ಕರೆದು ನೋಡಿ. ಕಂಪೈಲರ್ ಒಪ್ಪುವುದಿಲ್ಲ. ಅದರ ಪಾಲಿಗೆ ಟಿ ಎಂದರೆ ಯಾವುದೋ ಒಂದು ಆಬ್ಜೆಕ್ಟ್, ಅಷ್ಟೇ.

ಈಗ ‘ಟಿ ಎಕ್ಸ್‌ಟೆಂಡ್ಸ್ ನಂಬರ್’ ಎಂದು ಮಿತಿ ಹಾಕಿ. ದೋಷ ಹಾಗೆಯೇ ಉಳಿಯುತ್ತದೆ! ಇಲ್ಲಿ ಬಹಳ ಮಂದಿ ಎಡವುತ್ತಾರೆ. ಸಂಖ್ಯೆಗಳನ್ನು ಹೋಲಿಸಲು ಬಂದೇ ಬರುತ್ತದೆ ಎಂದು ನಮಗೆ ಅನ್ನಿಸುತ್ತದೆ. ಆದರೆ ನಂಬರ್ ಕ್ಲಾಸ್, ‘ಕಂಪೇರ್‌ಟು’ ಇರಲೇಬೇಕೆಂದು ಹೇಳುವ ಕಂಪೇರಬಲ್ ಇಂಟರ್‌ಫೇಸನ್ನು ಅಳವಡಿಸಿಕೊಂಡಿಲ್ಲ. ಆದ್ದರಿಂದ ನಂಬರ್ ನಂತರ ‘&’ ಚಿಹ್ನೆ ಹಾಕಿ, ‘ಟಿ’ಯ ಕಂಪೇರಬಲ್ ಅನ್ನೂ ಸೇರಿಸಿ. ಕ್ಲಾಸ್ ಮೊದಲು, ಇಂಟರ್‌ಫೇಸ್ ಆಮೇಲೆ. ಈ ಕ್ರಮ ತಪ್ಪುವಂತಿಲ್ಲ. ಇನ್ನು ಇಂಟಿಜರ್, ಡಬಲ್, ಬಿಗ್‌ಡೆಸಿಮಲ್ ಎಲ್ಲವೂ ಸಲ್ಲುತ್ತವೆ. ಅಟಾಮಿಕ್‌ಇಂಟಿಜರ್ ಮಾತ್ರ ಹೊರಗುಳಿಯುತ್ತದೆ: ಅದು ನಂಬರ್ ಹೌದು, ಕಂಪೇರಬಲ್ ಅಲ್ಲ. ಪ್ರೋಗ್ರಾಮ್ ಓಡುವ ಮೊದಲೇ ಇಷ್ಟು ನಿಖರವಾಗಿ ತಡೆಯುವುದೇ ಮಿತಿಯ ಸೊಗಸು.

ಮಿತಿ ಬರೆದ ಮೇಲೆ ಇನ್ನೊಂದನ್ನು ಪರೀಕ್ಷಿಸಿ: ಎಕ್ಸ್‌ಟೆಂಡ್ಸ್ ಮುಂದಿರುವ ಕ್ಲಾಸ್ ಫೈನಲ್, ಅಂದರೆ ಸಬ್‌ಕ್ಲಾಸ್ ಮಾಡಲಾಗದ್ದು, ಆಗಿದೆಯೇ? ಸ್ಟ್ರಿಂಗ್, ಇಂಟಿಜರ್, ಡಬಲ್ ಮತ್ತು ಎಲ್ಲ ರೆಕಾರ್ಡ್‌ಗಳೂ ಫೈನಲ್. ‘ಟಿ ಎಕ್ಸ್‌ಟೆಂಡ್ಸ್ ಸ್ಟ್ರಿಂಗ್’ ಎಂದರೆ ಜಾವಾ ತಕರಾರು ಮಾಡುವುದಿಲ್ಲ. ಆದರೆ ಸ್ಟ್ರಿಂಗ್‌ಗೆ ಸಬ್‌ಕ್ಲಾಸೇ ಇರಲಾರದು, ಟಿ ಜಾಗಕ್ಕೆ ಸ್ಟ್ರಿಂಗ್ ಬಿಟ್ಟು ಬೇರೇನೂ ಬರಲಾರದು. ಅಂಥ ಕಡೆ ಟಿ ಅಳಿಸಿ ನೇರವಾಗಿ ಸ್ಟ್ರಿಂಗ್ ಎಂದೇ ಬರೆಯಿರಿ. ಓದುವವರಿಗೆ ಇಲ್ಲದ ಆಯ್ಕೆಯನ್ನು ತೋರಿಸಬಾರದು. ಬೇರೆ ಭಾಷೆಗಳಲ್ಲಿ ಕೋಟ್ಲಿನ್ ಇದಕ್ಕೆ ಎಚ್ಚರಿಕೆ ಕೊಡುತ್ತದೆ, ಸಿ ಶಾರ್ಪ್ ದೋಷವೆಂದೇ ತಿರಸ್ಕರಿಸುತ್ತದೆ.

ವೈಲ್ಡ್‌ಕಾರ್ಡ್‌ನ (ಟೈಪ್ ಜಾಗದಲ್ಲಿ ಬರೆಯುವ ‘?’ ಚಿಹ್ನೆ) ಮಾತು ಬೇರೆ. ಕಲೆಕ್ಷನ್‌ನ ‘ಆಡ್‌ಆಲ್’ ಮೆಥಡ್ ‘? ಎಕ್ಸ್‌ಟೆಂಡ್ಸ್ ಇ’ ಎಂಬ ಮಿತಿಯ ಕಲೆಕ್ಷನ್ ಕೇಳುತ್ತದೆ; ಇಲ್ಲಿ ‘ಇ’ ಎಂದರೆ ಪಟ್ಟಿಯಲ್ಲಿರುವ ವಸ್ತುಗಳ ಟೈಪ್. ಪಟ್ಟಿ ಸ್ಟ್ರಿಂಗ್‌ನದಾದರೆ ಅದೇ ‘? ಎಕ್ಸ್‌ಟೆಂಡ್ಸ್ ಸ್ಟ್ರಿಂಗ್’ ಆಗುತ್ತದೆ. ಅದನ್ನು ನಿಷೇಧಿಸಿದರೆ ಸ್ಟ್ರಿಂಗ್ ಪಟ್ಟಿಗೆ ಆಡ್‌ಆಲ್ ಸೌಲಭ್ಯವೇ ತಪ್ಪುತ್ತದೆ.

ಕ್ಲಾಸ್ ನಿಮ್ಮದೇ ಆಗಿದ್ದು, ಗೊತ್ತಿರುವ ಎರಡು ಮೂರು ಸಬ್‌ಕ್ಲಾಸ್‌ಗಳಿಗೆ ಮಾತ್ರ ಅವಕಾಶ ಕೊಡಬೇಕೆಂದಿದ್ದರೆ ಫೈನಲ್ ಬೇಡ. 2021ರ ಜಾವಾ 17ರಲ್ಲಿ ಸ್ಥಿರಗೊಂಡ ‘ಸೀಲ್ಡ್’ ಬಳಸಿ, ‘ಪರ್ಮಿಟ್ಸ್’ ಮುಂದೆ ಅವುಗಳ ಹೆಸರು ಬರೆಯಿರಿ. ಆ ಕ್ಲಾಸನ್ನು ಮಿತಿಯಾಗಿ ಹಾಕಿದರೆ ಟಿಗೆ ನಿಜವಾದ ಕೆಲಸವಿರುತ್ತದೆ.